ಮಡ್ಡಿ ಹೊಲಕ್ಕೆ ಬರುವ ಸೆಳೆವ

ಅಕ್ಟೋಬರಿನ ಒಂದು ಶನಿವಾರ ನೀವು ಪುಣೆಯ ವೇತಾಳ ಟೇಕಡಿಯ ಮೇಲೆ ಬೇಟೆಹಕ್ಕಿಗಳನ್ನು ನೋಡಲು ಕೂತರೆ, ನಾಲ್ಕು ಗಂಟೆಯಲ್ಲಿ ಹತ್ತು ಕಂಡರೆ ಅದು ಒಳ್ಳೆಯ ದಿನ. ಆ ಹತ್ತರಲ್ಲಿ ಏಳು ನಮ್ಮ ಕೋಥರೂಡಿನ ಕಸದ ಮೇಲೆಯೇ ಬದುಕುವ ಹದ್ದುಗಳು. ಎಂಟನೆಯದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ಚಾಣ. ಒಂಬತ್ತನೆಯದು, ಅದೃಷ್ಟವಿದ್ದರೆ, ಭುಜದ ಬಳಿ ಎರಡು ಬಿಳಿ ಚುಕ್ಕಿ ಇರುವ ಬೂಟೆಡ್ ಈಗಲ್. ವಿಮಾನದ ಲ್ಯಾಂಡಿಂಗ್ ಲೈಟಿನಂತೆ ಕಾಣುವ ಆ ಚುಕ್ಕಿ ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಗುರುತು ತಪ್ಪುವುದಿಲ್ಲ. ಹತ್ತನೆಯದು ಸೆಳೆವ. ಅದಕ್ಕಾಗಿ ನಾನು ಹೋಗುವುದು.

ಇಂಗ್ಲಿಷಿನಲ್ಲಿ ಹ್ಯಾರಿಯರ್ ಅನ್ನುವ ಹಕ್ಕಿಗೆ ಕನ್ನಡದ ಪಕ್ಷಿ ಪುಸ್ತಕಗಳು ಸೆಳೆವ ಎಂದು ಹೆಸರು ಕೊಟ್ಟಿವೆ. ಚಂದದ ಹೆಸರು. ಉದ್ದ ರೆಕ್ಕೆ, ಉದ್ದ ಬಾಲ, ತೆಳು ಮೈ. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹುಲ್ಲಿನ ತುದಿ ತಾಗುತ್ತದೇನೋ ಅನ್ನುವಷ್ಟು ಕೆಳಗೆ ತೇಲುತ್ತ ಹೋಗುತ್ತದೆ. ಮಿಡತೆ, ಇಲಿ, ನೆಲಗುಬ್ಬಿ ಅದರ ಊಟ. ಗೂಡನ್ನೂ ನೆಲದ ಮೇಲೆಯೇ ಕಟ್ಟುತ್ತದೆ, ಅದೂ ಕಜಾಕಸ್ತಾನದಂಥ ಮಧ್ಯ ಏಷ್ಯಾದ ಹುಲ್ಲು ಬಯಲಿನಲ್ಲಿ. ಸೆಪ್ಟೆಂಬರ್‌, ಅಕ್ಟೋಬರಿನಲ್ಲಿ ದಖ್ಖನ್ನಿಗೆ ಬಂದು ಬೇಸಿಗೆ ಕಾಯುವ ಮುಂಚೆ ವಾಪಸು. ಟೇಕಡಿಯಿಂದ ನಾನು ನೋಡಿದ ಸೆಳೆವಗಳೆಲ್ಲ ಒಂಟಿ. ಕಲ್ಲುಗಣಿಯ ಕಡೆಯಿಂದ ಬಂದು, ದಿಬ್ಬ ದಾಟಿ, ಸಿಂಹಗಡದ ದಿಕ್ಕಿಗೆ ಜಾರಿಹೋಗುತ್ತವೆ. ಹೆಚ್ಚೆಂದರೆ ಒಂದು ನಿಮಿಷದ ದರ್ಶನ.

ಇದನ್ನು ಕೇಳಿದವರು, ವಿಶೇಷವಾಗಿ ನಮ್ಮ ಆಫೀಸಿನವರು, ಇಷ್ಟಕ್ಕೆ ನಾಲ್ಕು ಗಂಟೆಯಾ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಾರ್ಜಿಯಾ ದೇಶದ ಬಾಟುಮಿ ಊರಿನ ಗುಡ್ಡದ ಮೇಲೆ ಕೂತರೆ ಒಂದೇ ಋತುವಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಬೇಟೆಹಕ್ಕಿ ತಲೆಯ ಮೇಲೆ ಹಾದುಹೋಗುತ್ತವೆ. ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಕಾಕಸಸ್ ಪರ್ವತ, ನಡುವೆ ಸಣ್ಣ ಸಂದು. ದೊಡ್ಡ ರೆಕ್ಕೆಯ ಹಕ್ಕಿಗಳು ರೆಕ್ಕೆ ಬಡಿದು ದೂರ ಹೋಗುವುದಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬ ಹಿಡಿದು ಸುತ್ತುತ್ತ ಮೇಲೇರಿ, ಅಲ್ಲಿಂದ ಮುಂದಿನ ಕಂಬದವರೆಗೆ ಜಾರುತ್ತವೆ. ನೀರಿನ ಮೇಲೆ ಇಂಥ ಕಂಬ ಏಳುವುದು ಕಷ್ಟ. ಹಾಗಾಗಿ ಸಮುದ್ರ ಬಿಟ್ಟು ಆ ಸಂದಿಗೇ ನುಗ್ಗುತ್ತವೆ. ನಮ್ಮ ದಖ್ಖನ್ನಿನಲ್ಲಿ ಸಂದೂ ಇಲ್ಲ, ಅಡ್ಡಿಯೂ ಇಲ್ಲ. ನಾಸಿಕದಿಂದ ಬಳ್ಳಾರಿವರೆಗೆ ಎಲ್ಲ ಕಡೆ ಒಂದೇ ಥರದ ಬಯಲು, ಒಂದೇ ಥರದ ಬಿಸಿಲು. ಸೆಳೆವಕ್ಕಂತೂ ಬಿಸಿಗಾಳಿಯ ಹಂಗೂ ಅಷ್ಟಿಲ್ಲ, ರೆಕ್ಕೆ ಬಡಿದುಕೊಂಡೇ ಹೋಗಬಲ್ಲದು. ಜರಡಿ ಹಿಡಿದಂತೆ ಅವು ಇಡೀ ಪ್ರಸ್ಥಭೂಮಿಯ ಮೇಲೆ ಚೆದುರಿ ಬರುತ್ತವೆ. ಯಾವ ಗುಡ್ಡದ ಮೇಲೆ ಕೂತರೂ ಒಂದೋ ಎರಡೋ.

ಬಿಸಿಲೇರಿದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ಆಕಾಶ ಶುರುವಾಗುತ್ತದೆ. ಬೆಳಗಿನ ವಾಕಿಂಗಿನವರು ಅಷ್ಟರಲ್ಲಿ ಇಳಿದುಹೋಗಿರುತ್ತಾರೆ. ವೇತಾಳನ ಗುಡಿಯ ಗಂಟೆ ಆಗೊಮ್ಮೆ ಈಗೊಮ್ಮೆ, ನವಿಲಿನ ಕೂಗು, ಕೆಳಗೆ ಪಾಷಾಣ್ ರಸ್ತೆಯ ಹಾರ್ನ್. ಟೇಕಡಿಯ ಇಳಿಜಾರಿನ ತುಂಬ ಅರಣ್ಯ ಇಲಾಖೆ ಒಂದು ಕಾಲಕ್ಕೆ ನೆಟ್ಟ ಗ್ಲಿರಿಸಿಡಿಯಾ, ನಮ್ಮ ಕಡೆಯ ಗೊಬ್ಬರದ ಗಿಡ. ಹಸಿರಾಗಿ ಕಾಣುತ್ತದೆ, ಅದರ ಕೆಳಗೆ ಹುಲ್ಲು ಬೆಳೆಯುವುದು ಅಷ್ಟಕ್ಕಷ್ಟೆ. ಈ ಗುಡ್ಡದ ಮೈಮೇಲೆ ರಸ್ತೆ ಬೇಡ, ಹೊಟ್ಟೆಯೊಳಗೆ ಸುರಂಗವೂ ಬೇಡ ಎಂದು 2023ರಲ್ಲಿ ಪುಣೆಯ ಜನ ಸಾವಿರಗಟ್ಟಲೆ ಬೀದಿಗಿಳಿದರು. ನಾನೂ ನಡೆದೆ. ಮರಾಠಿ ಘೋಷಣೆಗಳನ್ನು ಗದಗಿನ ಉಚ್ಚಾರದಲ್ಲಿ ಕೂಗಿದೆ, ಯಾರೂ ನಗಲಿಲ್ಲ.

ಗುಂಪಿಗೆ ಬಲ ಇರುತ್ತದೆ. ಜನರ ಗುಂಪಿಗೂ, ಹಕ್ಕಿಯ ಗುಂಪಿಗೂ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಬೆಟ್ಟದ ಮೇಲೆ ಶರತ್ಕಾಲ ಬಂದರೆ ಸಾಕು, ಬಂದೂಕು ಹಿಡಿದವರು ಸಾಲಾಗಿ ನಿಂತು ಹಾದುಹೋಗುವ ಗಿಡುಗಗಳನ್ನು ಮೋಜಿಗೆ ಹೊಡೆದುರುಳಿಸುತ್ತಿದ್ದರು. ಸತ್ತ ಹಕ್ಕಿಗಳನ್ನು ಸಾಲಾಗಿ ಜೋಡಿಸಿದ ಫೋಟೋ ನೋಡಿದ ರೋಸಲೀ ಎಡ್ಜ್ ಎಂಬ ಹೆಂಗಸು 1934ರಲ್ಲಿ ಆ ಬೆಟ್ಟದ ಸುಮಾರು 1,400 ಎಕರೆಯನ್ನು ಲೀಸಿಗೆ ತೆಗೆದುಕೊಂಡು ಕಾವಲುಗಾರನನ್ನು ಇಟ್ಟಳು. ಅದೇ ಇವತ್ತಿನ ಹಾಕ್ ಮೌಂಟನ್. ಕಾವಲಿಗೆ ಬಂದ ಮೌರಿಸ್ ಬ್ರೌನ್ ಮೇಲೆ ಹಾದುಹೋದ ಹಕ್ಕಿಗಳನ್ನು ಎಣಿಸಿ ಬರೆದಿಡಲು ಶುರು ಮಾಡಿದ. ಡಿಡಿಟಿಯ ಹಾನಿಯ ಬಗ್ಗೆ 1962ರಲ್ಲಿ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಬರೆದಾಗ ಅದೇ ಲೆಕ್ಕದ ಪುಸ್ತಕ ಸಾಕ್ಷಿ ಹೇಳಿತು: ಹಾದುಹೋಗುವ ಹದ್ದುಗಳಲ್ಲಿ ಮರಿಗಳು ಕಡಿಮೆಯಾಗುತ್ತಿವೆ ಎಂದು.

ನಮ್ಮಲ್ಲೂ ಇಂಥದ್ದು ನಡೆದಿದೆ. ಸೈಬೀರಿಯಾ ಮತ್ತು ಉತ್ತರ ಚೀನಾದಿಂದ ಆಫ್ರಿಕಾಕ್ಕೆ ಹೋಗುವ ಅಮುರ್ ಚಾಣಗಳು, ಒಂದೊಂದೂ ನೂರೈವತ್ತು ಗ್ರಾಂ ತೂಗುವ ಹಕ್ಕಿ, ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಇಳಿಯುತ್ತವೆ. 2012ರಲ್ಲಿ ಅಲ್ಲಿ ಒಂದೇ ಋತುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕೊಂದರೆಂದು ಅಂದಾಜು. ವಿಡಿಯೋ ಹೊರಬಂತು, ಊರವರೇ ಕೂತು ಮಾತಾಡಿದರು, ಮರುವರ್ಷ ಬಲೆ ಎತ್ತಿಟ್ಟರು. 2013ರಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹದ ಟ್ಯಾಗ್ ಹಾಕಿ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟರು. ನವೆಂಬರ್ ಕೊನೆಗೆ ಲೋಣಾವಳಾದ ಅಂಚಿಗೆ ಹೋದರೆ ಅರಬ್ಬಿ ಸಮುದ್ರ ದಾಟುವ ಮುಂಚೆ ಕೊನೆಯ ಊಟ ಮಾಡುವ ಅಮುರ್ ಚಾಣಗಳು ನಮಗೂ ಸಿಗುತ್ತವೆ. ಆಗ ಅಲ್ಲಿ ಕ್ಯಾಮೆರಾಗಳ ಜಾತ್ರೆ.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಕಥೆಯೂ ಅದೇ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಸಾವಿರಗಟ್ಟಲೆ ಬಂದಿಳಿಯುತ್ತವೆ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆ, 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟವೂ ಸಿಕ್ಕಿತು. ನನಗೆ ಅದರ ಬಗ್ಗೆ ಸಂತೋಷವೇ ಇದೆ. ಆದರೆ ಅಲ್ಲಿಂದ ಮುಂಡರಗಿ ಕಡೆಗೆ ಗಾಡಿ ಓಡಿಸಿದರೆ ದಾರಿಯ ಎರಡೂ ಬದಿಗೆ ಸಿಗುವ ಮಡ್ಡಿಯಲ್ಲಿ ಅಷ್ಟೇ ದೂರದಿಂದ ಬಂದ ಹಕ್ಕಿ ಒಬ್ಬಂಟಿಯಾಗಿ ತೇಲುತ್ತಿರುತ್ತದೆ. ಅದನ್ನು ನೋಡಲು ಯಾವ ಬಸ್ಸೂ ನಿಲ್ಲುವುದಿಲ್ಲ.

ಸೆಳೆವ ಗುಂಪಾಗುವುದು ರಾತ್ರಿ ಮಾತ್ರ. ಹಗಲೆಲ್ಲ ಮೈಲಿಗಟ್ಟಲೆ ಚೆದುರಿ ಬೇಟೆಯಾಡಿದವು ಸಂಜೆ ಒಂದು ಹುಲ್ಲುಗಾವಲನ್ನು ಆರಿಸಿಕೊಂಡು, ಕತ್ತಲಾಗುವ ಹೊತ್ತಿಗೆ ಒಂದೊಂದಾಗಿ ಬಂದು ನೆಲದ ಮೇಲೆ ಮಲಗುತ್ತವೆ. ಮೊಣಕಾಲೆತ್ತರದ ಹುಲ್ಲು, ಸುತ್ತ ಬಯಲು, ನಾಯಿ ಕಡಿಮೆ ಇದ್ದರೆ ಆಯಿತು. ಈ ತಂಗುದಾಣಗಳ ಎಣಿಕೆಗಳನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳಲ್ಲಿ ಚಳಿಗಾಲಕ್ಕೆ ಬರುವ ಸೆಳೆವಗಳು ಇಳಿಮುಖವಾಗಿವೆ ಎಂಬುದು ಅದರ ಸಾರ. ಯಾರೂ ಬಂದೂಕು ಹಿಡಿದಿಲ್ಲ, ಬಲೆ ಹಾಕಿಲ್ಲ. ವಿಡಿಯೋ ಮಾಡುವಂಥದ್ದು ಏನೂ ನಡೆದಿಲ್ಲ. ಹುಲ್ಲು ಇದ್ದ ಕಡೆ ಬೇರೆ ಏನೋ ಬಂದಿದೆ, ಅಷ್ಟೆ. ಒಂದು ಕಡೆ ನೀಲಗಿರಿ ತೋಪು, ಒಂದು ಕಡೆ ಲೇಔಟು, ಇನ್ನೊಂದು ಕಡೆ ಬೋರ್‌ವೆಲ್ ಕೊರೆದು ಮೆಕ್ಕೆಜೋಳ. ಸರ್ಕಾರದ ದಾಖಲೆಯಲ್ಲಿ ಈ ನೆಲದ ಹೆಸರೇ ಖರಾಬು. ಖರಾಬನ್ನು ಕಳೆದುಕೊಂಡವರು ಯಾರಿಗೆ ದೂರು ಕೊಡಬೇಕು?

ನಮ್ಮೂರು ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ನೆರಳು. ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಸುತ್ತಮುತ್ತಲಿನ ದಿಣ್ಣೆಗಳ ಮೇಲೆ ಬಿಳಿಯ ಗಾಳಿಯಂತ್ರಗಳ ಸಾಲು ಅದಕ್ಕೂ ಮೊದಲಿನದು. ನಮ್ಮ ಮನೆಗೆ ಎರಿ ಹೊಲದ ಜೊತೆ ಮೂರು ಎಕರೆ ಮಡ್ಡಿಯೂ ಇದೆ. ಅಪ್ಪ ಅದನ್ನು ಎಂದೂ ಪೂರ್ತಿ ಬಿತ್ತಿದವರಲ್ಲ, ಎತ್ತಿಗೆ ಹುಲ್ಲು ಬೇಕೆಂದು ಬಿಡುತ್ತಿದ್ದರು. ಈಗ ಎತ್ತೂ ಇಲ್ಲ, ಅಪ್ಪನೂ ಇಲ್ಲ. ಉತಾರದಲ್ಲಿ ಅಣ್ಣನ ಹೆಸರು, ನನ್ನ ಹೆಸರು. ಕಳೆದ ದಸರೆಗೆ ಊರಿಗೆ ಹೋದಾಗ ಅಣ್ಣ ಕಾಗದ ತಂದು ಮುಂದಿಟ್ಟ. ಒಂದು ಗಾಳಿಯಂತ್ರದ ಕಂಪನಿ ಮಡ್ಡಿಯನ್ನು ಲೀಸಿಗೆ ಕೇಳುತ್ತಿದೆ. ದೀರ್ಘಾವಧಿ, ಮುಂಗಡ ಹಣ, ಮಾರ್ಚಿನೊಳಗೆ ಸಹಿ ಆಗಬೇಕು.

ಸಹಿ ಮಾಡದೆ ಪುಣೆಗೆ ಬಂದೆ. ಬರುವಾಗ ಸಾತಾರೆಯಲ್ಲಿ ಹೈವೇ ಬಿಟ್ಟು, ಸಜ್ಜನಗಡ, ಠೋಸೇಘರ್ ದಾಟಿ ಚಾಳಕೇವಾಡಿಯ ಪಠಾರಕ್ಕೆ ಹೋದೆ. ಅಲ್ಲಿಯ ಗಾಳಿಯಂತ್ರಗಳ ನಡುವೆ ಬೆಂಗಳೂರಿನ ಐಐಎಸ್‌ಸಿಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2018ರಲ್ಲಿ ಬಂದಿದೆ. ಯಂತ್ರ ಇಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚು. ಯಂತ್ರ ಇರುವ ಕಡೆ ಹದ್ದು ಗಿಡುಗ ಕಡಿಮೆಯಾಗಿ, ಗಂಟಲಲ್ಲಿ ನೀಲಿ ಬೀಸಣಿಗೆ ಬಿಚ್ಚುವ ಓತಿಕ್ಯಾತಗಳು ಹೆಚ್ಚಾಗಿವೆ. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ, ಮನುಷ್ಯ ಹತ್ತಿರ ಹೋದರೂ ಬೇಗ ಓಡುವುದಿಲ್ಲ. ಜನ ಹೆಚ್ಚಾಗಿದ್ದಕ್ಕೆ ಊಟಕ್ಕೆ ಪೈಪೋಟಿಯಾಗಿ ಮೈ ಮಾತ್ರ ಸೊರಗಿದೆ. ಮೇಲೆ ರೆಕ್ಕೆ ತಿರುಗಿದ್ದಕ್ಕೆ ಕೆಳಗೆ ಕಲ್ಲಿನ ಸಂದಿಯ ಓತಿಯ ಸ್ವಭಾವವೇ ಬದಲಾಗಿದೆ. ನಾನು ಕೂತ ಎರಡು ಗಂಟೆಯಲ್ಲಿ ಓತಿಗಳನ್ನು ಎಣಿಸುವುದು ಬಿಟ್ಟೆ, ಅಷ್ಟಿದ್ದವು. ಆಕಾಶದಲ್ಲಿ ಕಂಡದ್ದು ಒಂದು ಚಾಣ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ನಿನಗ ತಿಂಗಳಾ ಪಗಾರ ಬರತೈತಿ. ನನಗ ಮಡ್ಡಿ ಏನ್ ಕೊಡತೈತಿ ಹೇಳು? ಕಲ್ಲು, ಹುಲ್ಲು. ನಾಳೆ ಮಗಳ ಫೀ ಕಟ್ಟಾಕ ಹಕ್ಕಿ ಬರತಾವೇನು?" ಅಂದ. ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಗಾಳಿಯ ಕರೆಂಟು ಬೇಡ ಎನ್ನುವ ಬಾಯಿ ನನಗಿಲ್ಲ. ನಾನು ದಿನವಿಡೀ ಕೂರುವ ಏಸಿ, ಸರ್ವರು ಎಲ್ಲ ಎಲ್ಲಿಂದಲೋ ಕರೆಂಟು ತಿನ್ನುತ್ತಿವೆ. ಫೀ ನಾನು ಕಟ್ಟುತ್ತೇನೆ ಎಂದೆ. ಅಣ್ಣ ಅದಕ್ಕೆ ಸಿಟ್ಟಾದ. ತಮ್ಮನ ಹಣದ ಮಾತು ಬೇರೆ, ಹೊಲದ ಹಣದ ಮಾತು ಬೇರೆ. ಅದು ನನಗೂ ಗೊತ್ತು.

ಕೊನೆಗೆ ಒಂದೇ ಕೇಳಿದೆ. ಸಹಿ ಹೇಗೂ ಮಾರ್ಚಿಗೆ. ಅಲ್ಲಿಯವರೆಗೆ ವಾರಕ್ಕೆ ಎರಡು ಸಂಜೆ ಮಡ್ಡಿಯ ಬದುವಿನ ಮೇಲೆ ಕೂತು, ಹುಲ್ಲಿಗೆ ಇಳಿಯುವ ಹಕ್ಕಿ ಎಷ್ಟೆಂದು ಎಣಿಸಿ ಹೇಳು. ಸೊನ್ನೆ ಬಂದರೆ ಸೊನ್ನೆ ಎಂದೇ ಹೇಳು, ನಮ್ಮ ಪ್ರಾಜೆಕ್ಟಿನಲ್ಲಿ ಸೊನ್ನೆಯೂ ರಿಪೋರ್ಟೇ. ಅಣ್ಣ ನಕ್ಕ. "ಎಂ.ಟೆಕ್. ಓದಿ ಹದ್ದು ಎಣಸಾಕ ಹಚ್ಚೀಯಲ್ಲೋ" ಅಂದ.

ನವೆಂಬರಿನ ಮೊದಲ ಎರಡು ವಾರ ಸೊನ್ನೆ. ನಾನು ಸುಮ್ಮನಿದ್ದೆ. ಮೂರನೆಯ ವಾರ ಮೀಟಿಂಗಿನ ನಡುವೆ ವಾಟ್ಸ್ಯಾಪ್ ಬಂತು: 4. ಅದರ ಮುಂದಿನ ವಾರ 9. ಮೊನ್ನೆ ರಾತ್ರಿ ಅಕ್ಷರ ಟೈಪು ಮಾಡಲು ಬೇಸರವಾಗಿ ವಾಯ್ಸ್ ಮೆಸೇಜ್ ಕಳಿಸಿದ್ದ. ಹಿಂದೆ ಗಾಳಿಯ ಸದ್ದು, ನಾಯಿಯ ಬೊಗಳು. "ಹದಿಮೂರು ನೋಡಪಾ. ಒಂದು ಬೆಳ್ಳಗ ಐತಿ, ಬೂದಿ ಬಡದಂಗ. ಉಳಿದಾವೆಲ್ಲ ಕಂದು. ಮ್ಯಾಲಿಂದ ಮ್ಯಾಲ ಸುತ್ತಿ ಸುತ್ತಿ ಕುಂದರತಾವು, ಪೂರಾ ಕತ್ತಲಾಗೂತನಾ ಕುಂತಿದ್ದೆ. ಇನ್ನೂ ಎರಡು ಬಂದಂಗ ಅನಿಸ್ತು, ಕಣ್ಣಿಗೆ ಹತ್ತಲಿಲ್ಲ. ಆ ನಿನ್ನ ದುರ್ಬೀನು ಯಾರ ಕೈಯಾಗರ ಕೊಟ್ಟು ಕಳಸು. ವಿಆರ್‌ಎಲ್ ಬಸ್ಸಿಗೆ ಹಾಕಿದ್ರೂ ನಡೀತೈತಿ."