ಬ್ರೋಲಿಯೊ ಕೋಟೆಯ ಹದಿನೆಂಟರ ಯಜಮಾನ

ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳು ಒಂದು ಕಾಲದಲ್ಲಿ ಹಾವು ಮುಂಗುಸಿಗಳಂತಿದ್ದವು. ಅವೆರಡರ ನಡುವಿನ ಗಡಿ ಗುಡ್ಡದ ಮೇಲೆ ನಿಂತದ್ದು ಬ್ರೋಲಿಯೊ ಕೋಟೆ. 1141ರಲ್ಲಿ ರಿಕಾಸೊಲಿ ಮನೆತನದ ಕೈಸೇರಿದ ಈ ಕೋಟೆ ಫ್ಲಾರೆನ್ಸಿನ ಕಾವಲುಗಾರ. ಹಾಗಾಗಿ ಮೊದಲ ಏಟು ಬೀಳುತ್ತಿದ್ದುದೂ ಅದಕ್ಕೇ. 1478ರಲ್ಲಿ ಶುರುವಾದ ಯುದ್ಧದಲ್ಲಿ ಅರಗಾನ್ ಸೈನ್ಯ ಅದನ್ನು ಕೆಡವಿತು. ಫ್ಲಾರೆನ್ಸಿನವರು ಮತ್ತೆ ಕಟ್ಟಿದರು. 1529ರಲ್ಲಿ ಸಿಯೆನಾದವರು ಬೆಂಕಿ ಇಟ್ಟರು. ಎರಡನೆಯ ಮಹಾಯುದ್ಧದ ಗುಂಡಿನ ಗುರುತುಗಳಂತೂ ಗೋಡೆಯ ಮೇಲೆ ಈಗಲೂ ಇವೆ.

ಆದರೆ ಬ್ರೋಲಿಯೊ ಇಂದು ಹೆಸರಾಗಿರುವುದು ಫಿರಂಗಿಗಳಿಂದಲ್ಲ, ಸುತ್ತಲೂ ಹಬ್ಬಿರುವ ದ್ರಾಕ್ಷಿ ತೋಟಗಳಿಂದ ಮತ್ತು ಅಲ್ಲಿ ತಯಾರಾಗುವ ಕಿಯಾಂತಿ ಎಂಬ ಕೆಂಪು ವೈನಿನಿಂದ. ಅದರ ಹಿಂದಿರುವುದು ಓದನ್ನು ಅರ್ಧಕ್ಕೆ ಬಿಟ್ಟ ಒಬ್ಬ ಹುಡುಗನ ಕಥೆ.

ಬೆತ್ತಿನೊ ರಿಕಾಸೊಲಿ ಹುಟ್ಟಿದ್ದು 1809ರಲ್ಲಿ. ಹದಿನೆಂಟರ ಹೊತ್ತಿಗೆ ಆತ ಅನಾಥ. ಆಸ್ತಿಯ ತುಂಬ ಸಾಲ, ಬೆನ್ನಿಗೆ ತಮ್ಮಂದಿರು. ವಯಸ್ಸಿಗೆ ಬಾರದವನ ಸಹಿಗೆ ಬೆಲೆಯೆಲ್ಲಿ? ಕೊನೆಗೆ ಟಸ್ಕನಿಯ ದೊರೆಯೇ ವಿಶೇಷ ಆಜ್ಞೆ ಹೊರಡಿಸಿ, ಇವನು ಪ್ರಾಪ್ತವಯಸ್ಕನೆಂದು ಸಾರಿ, ತಮ್ಮಂದಿರ ಪಾಲನೆಯನ್ನೂ ಇವನಿಗೇ ಒಪ್ಪಿಸಬೇಕಾಯಿತು. ಹುಡುಗ ಪುಸ್ತಕ ಮಡಿಚಿಟ್ಟು ಬ್ರೋಲಿಯೊಗೆ ಹೊರಟ.

ಓದು ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ತರಗತಿ ತಪ್ಪಿತು, ಅಷ್ಟೆ. ಅಲ್ಲಿನ ಜಮೀನು ನಮ್ಮ ಕೋರು ಪದ್ಧತಿಯಂತೆ ನಡೆಯುತ್ತಿತ್ತು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ರೈತನಿಗೆ. ಆತ ಲೆಕ್ಕಪತ್ರ ಬಿಗಿಗೊಳಿಸಿ ಸಾಲ ತೀರಿಸಿದ. ಫ್ರಾನ್ಸಿನ ದ್ರಾಕ್ಷಿ ಸೀಮೆಗಳನ್ನು ಸುತ್ತಿ ಬಂದ. ಯಾವ ತಳಿಯನ್ನು ಯಾವುದರೊಡನೆ ಎಷ್ಟು ಬೆರೆಸಬೇಕೆಂದು ವರ್ಷಗಟ್ಟಲೆ ಪರೀಕ್ಷಿಸಿದ. ಕಟ್ಟುನಿಟ್ಟಿನ ಸ್ವಭಾವಕ್ಕೆ ಜನ ಇಟ್ಟ ಹೆಸರು 'ಕಬ್ಬಿಣದ ಬ್ಯಾರನ್'. ಇಂಥವನ ಕೈಕೆಳಗೆ ದುಡಿಯುವುದು ಸುಲಭವಾಗಿರಲಾರದು! 1861ರಲ್ಲಿ ಕಾವೂರ್ ತೀರಿಕೊಂಡಾಗ ಹೊಸ ಇಟಲಿಯ ಎರಡನೆಯ ಪ್ರಧಾನಿಯಾದದ್ದು ಇವನೇ. 1866ರಲ್ಲಿ ಮತ್ತೊಮ್ಮೆ ಅದೇ ಕುರ್ಚಿ.

ಅಧಿಕಾರ ಮುಗಿದ ಮೇಲೆ, 1872ರಲ್ಲಿ, ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಚೆಸಾರೆ ಸ್ತುದಿಯಾತಿಯವರಿಗೆ ಆತ ಒಂದು ಪತ್ರ ಬರೆದ. ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯಿಂದ ಪರಿಮಳ ಮತ್ತು ಕಸುವು, ಕನಾಯೋಲೊದಿಂದ ಮೃದುತ್ವ, ಮಾಲ್ವಸಿಯಾ ಎಂಬ ಬಿಳಿ ದ್ರಾಕ್ಷಿಯಿಂದ ವೈನು ಹಗುರ. ಆದರೆ ವರ್ಷಗಟ್ಟಲೆ ಇಟ್ಟು ಹಣ್ಣಾಗಿಸುವ ವೈನಿಗೆ ಈ ಮೂರನೆಯದು ಬೇಡವೆಂದೇ ಆತನ ಅಭಿಪ್ರಾಯ. 1880ರಲ್ಲಿ ಬ್ರೋಲಿಯೊದಲ್ಲೇ ಆತ ತೀರಿಕೊಂಡ.

ಮುಂದಿನವರು ಪತ್ರದ ಮೊದಲರ್ಧವನ್ನು ಹಿಡಿದುಕೊಂಡು ಉಳಿದದ್ದನ್ನು ಮರೆತರು. 1967ರ ಸರ್ಕಾರಿ ನಿಯಮದ ಪ್ರಕಾರ ಕಿಯಾಂತಿಗೆ ಶೇಕಡಾ 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಕಡ್ಡಾಯವಾಯಿತು! ಹೆಚ್ಚು ಇಳುವರಿಯ ಬಿಳಿ ತಳಿಗಳು ತೋಟಗಳನ್ನು ತುಂಬಿದವು, ವೈನು ತೆಳುವಾಯಿತು, ಹೆಸರು ಕೆಟ್ಟಿತು. ಅದೇ ಕಾಲಕ್ಕೆ ಬ್ರೋಲಿಯೊದ ವೈನ್ ವ್ಯಾಪಾರವೂ ಹೊರಗಿನ ಕಂಪನಿಗಳ ಪಾಲಾಗಿತ್ತು. ಕೋಟೆ ಮನೆತನದ್ದು, ಸೀಸೆಯ ಮೇಲಿನ ಹೆಸರು ಪರರದ್ದು.

1993ರಲ್ಲಿ ಅದನ್ನು ಮರಳಿ ತಂದವನು ಫ್ರಾನ್ಚೆಸ್ಕೊ ರಿಕಾಸೊಲಿ. ವೃತ್ತಿಯಿಂದ ಛಾಯಾಗ್ರಾಹಕ; ಆತನೂ ಹೊಸದಾಗಿ ಕಲಿಯಬೇಕಾದವನೇ. ಬ್ರೋಲಿಯೊ ಇರುವ 'ಕ್ಲಾಸಿಕೊ' ಸೀಮೆಯಲ್ಲಿ ಬರೀ ಸಾಂಜೊವೇಸೆಯಿಂದ ಕಿಯಾಂತಿ ಮಾಡಲು ಅನುಮತಿ ಸಿಕ್ಕಿದ್ದು 1996ರಲ್ಲಿ. ಬಿಳಿ ದ್ರಾಕ್ಷಿಗೆ ಅಲ್ಲಿ ಪೂರ್ತಿ ಬಾಗಿಲು ಮುಚ್ಚಿದ್ದು 2006ರ ಬೆಳೆಯಿಂದ, ಪತ್ರ ಬರೆದ 134 ವರ್ಷಗಳ ಮೇಲೆ.