ನಾಚಣಿ ಮುದ್ದೆ, ಕಹಿ ವಾಲಿನ ಸಾರು

ಮುಂಬಯಿಗೆ ಬರುವ ನಮ್ಮ ಕಡೆಯವರಿಗೆ ಮೊದಲು ಹೇಳಬೇಕಾದ ಮಾತೆಂದರೆ, ಇಲ್ಲಿ ಉಪ್ಪಿಟ್ಟು ಕೇಳಬೇಡಿ, ಉಪ್ಮಾ ಅನ್ನಿ. ಕೇಸರಿಬಾತು ಬೇಕಾದರೆ ಶೀರಾ ಅನ್ನಿ. ಪಟ್ಟಿಯಲ್ಲಿ ‘ಮೈಸೂರು ಮಸಾಲಾ’ ಕಂಡರೆ ನಮ್ಮೂರಿನದೇ ಬಂತೆಂದು ಹಿಗ್ಗಬೇಡಿ. ಒಳಗೆ ಕೆಂಪು ಚಟ್ನಿ ಸವರಿದ್ದಾರೆ ಎಂದಷ್ಟೇ ಅದರ ಅರ್ಥ. ಮೈಸೂರಿನಲ್ಲಿ ನಾವು ಅದನ್ನು ಬರೀ ಮಸಾಲೆ ದೋಸೆ ಅನ್ನುತ್ತೇವೆ. ಇನ್ನು ಅರ್ಧ ಲೋಟದ ವಿಷಯ. ಬೆಂಗಳೂರಿನ ಬೈ-ಟೂ ಕಾಫಿಗೆ ಜೊತೆಗೊಬ್ಬ ಸ್ನೇಹಿತ ಬೇಕು. ಇಲ್ಲಿಯ ಕಟಿಂಗ್ ಚಹಾ ಒಬ್ಬಂಟಿಗನಿಗೂ ಸಿಗುತ್ತದೆ.

ನಾನು ಚನ್ನರಾಯಪಟ್ಟಣದ ಕಡೆಯವನು. 1986ರಲ್ಲಿ ಬ್ಯಾಂಕಿನವರು ವರ್ಗ ಮಾಡಿದಾಗ, ಮುಂಬಯಿ ತುಂಬ ನಮ್ಮವರ ಹೋಟೆಲುಗಳೇ, ಊಟಕ್ಕೇನೂ ಯೋಚನೆಯಿಲ್ಲ ಎಂದು ಎಲ್ಲರೂ ಧೈರ್ಯ ಹೇಳಿ ಕಳಿಸಿದ್ದರು. ನಮ್ಮವರದೇ ಹೌದು, ಆದರೆ ಕರಾವಳಿಯ ನಮ್ಮವರು. ಸಾಂಬಾರಿಗೆ ಬೆಲ್ಲ, ಪಲ್ಯಕ್ಕೆ ಕೊಬ್ಬರಿ ಎಣ್ಣೆಯ ಒಗ್ಗರಣೆ. ಸಾರೆಂದರೆ ಹುರುಳಿಕಟ್ಟು, ಬಸ್ಸಾರು ಎಂದು ತಿಳಿದ ನಾಲಗೆಗೆ ಅದು ಪರದೇಶವೇ. ಒಂದು ಹೋಟೆಲಿನಲ್ಲಿ ಬಡಿಸುವ ಹುಡುಗ ನನ್ನ ಎಲೆ ನೋಡಿ, “ಎಂತ ಸಾರ್, ಊಟ ಸೇರ್ಲಿಲ್ವಾ?” ಅಂದ. ಆ ‘ಎಂತ’ ನಮ್ಮ ಊರಿನ ಮಾತಲ್ಲ. ಆದರೂ ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಈ ಹುಡುಗರಲ್ಲಿ ಎಷ್ಟೋ ಜನ ತಿಂಗಳ ಮೊದಲ ವಾರ ನಮ್ಮ ಕೌಂಟರಿಗೆ ಬರುತ್ತಿದ್ದರು. ಕುಂದಾಪುರ, ಕಾರ್ಕಳ, ಬೈಂದೂರಿಗೆ ಡ್ರಾಫ್ಟು. ನೂರೋ ಇನ್ನೂರೋ, ತಾಯಿಯ ಹೆಸರಿಗೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದವರು ಅವರಲ್ಲಿದ್ದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ದೊಡ್ಡ ಸಂಖ್ಯೆಯೇ ಇದೆ. ಎಲೆಯ ಮುಂದೆ ಕೂತಾಗ ನನಗೆ ಅವರ ಫಾರಂ ನೆನಪಾಗುತ್ತಿತ್ತು. ಬೆಲ್ಲದ ಸಾಂಬಾರು ಯಾವಾಗ ಒಗ್ಗಿತೋ ತಿಳಿಯದು.

ಮದುವೆಯಾದ ಮೇಲೆ ಡೊಂಬಿವಲಿಯಲ್ಲಿ ಮನೆ. ಭಾನುವಾರ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗುವುದು ನಮ್ಮ ಒಂದೇ ಐಷಾರಾಮ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಸ್ಟೇಷನ್ನಿನ ಹತ್ತಿರವೇ 1942ರಲ್ಲಿ ಶುರುವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮೆಟ್ಟಿಲು ಹತ್ತಿ ಹೋಗಬೇಕು, ಬಾಳೆಲೆ ಊಟ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮದ್ರಾಸ್. ಹೆಸರು ಮದ್ರಾಸು, ನಡೆಸುವವರು ಕಾಮತರು. ಎದುರಿಗೆ ಗುಜರಾತಿ ಅಜ್ಜ, ಪಕ್ಕದಲ್ಲಿ ಯಾರೋ ಕಾಲೇಜು ಹುಡುಗರು, ಎಲ್ಲರೂ ಒಂದೇ ಮೇಜು. ಪರಿಚಯವಿಲ್ಲದವರ ಮುಂದೆ ಹೆಂಗಸರು ಕೂತು ತಿನ್ನುವುದೇ ಎಂದು ನಮ್ಮ ಮನೆಯವರಿಗೆ ಮೊದಮೊದಲು ಸಂಕೋಚ. ಆಮೇಲೆ ಆ ಅಜ್ಜಂದಿರಿಗೆ ರಸಂ ವಡೆಯನ್ನು ಎಷ್ಟು ಹೊತ್ತು ನೆನೆಸಬೇಕೆಂದು ಇವಳೇ ಹೇಳಿಕೊಡತೊಡಗಿದಳು. ಇಬ್ಬರ ತಿಂಡಿ ಕಾಫಿ ಹತ್ತು ರೂಪಾಯಿಯೊಳಗೆ ಮುಗಿಯುತ್ತಿದ್ದ ಕಾಲ ಅದು.

ಹೋಟೆಲಿನಲ್ಲಿ ಸಿಗದಿದ್ದುದು ಮುದ್ದೆ. ನಮ್ಮ ಕಡೆ ಅದಕ್ಕೆ ಹಿಟ್ಟು ಅಂತಲೇ ಹೆಸರು. ರಾಗಿಗೆ ಇಲ್ಲಿ ನಾಚಣಿ ಅನ್ನುತ್ತಾರೆ. ಕೊಂಕಣದವರು ಅದರ ಭಾಕ್ರಿ ತಟ್ಟುತ್ತಾರೆ. ಮಿಕ್ಕವರಿಗೆ ಅದು ಮಗುವಿನ ಅಂಬಲಿಯ ಸಾಮಾನು. ನಾನು ಐದು ಕಿಲೋ ಕೇಳಿದಾಗ ಅಂಗಡಿಯವನು ಕೈ ನಿಲ್ಲಿಸಿ, ಮನೆಯಲ್ಲಿ ಎಷ್ಟು ಮಕ್ಕಳು ಎಂದ. ಮುದ್ದೆ ಕೋಲು ಊರಿಂದಲೇ ಹಾಸಿಗೆ ಸುರುಳಿಯಲ್ಲಿ ಬಂದಿತ್ತು.

ಅವರೆಯ ಕಥೆ ಬೇರೆ. ಧನುರ್ಮಾಸದಲ್ಲಿ ಊರಿನ ಕಡೆ ಹಿತಕಿದ ಬೇಳೆಯ ಘಮ ಎದ್ದಾಗ ಇಲ್ಲಿ ನಾವು ಬರೀ ಮಾತಾಡಿಕೊಳ್ಳುತ್ತಿದ್ದೆವು. ಒಂದು ದಿನ ಪಕ್ಕದ ಮನೆಯ ಮರಾಠಿ ಕಾಕು ಅಂಗಳದಲ್ಲಿ, ಅಂದರೆ ಕಾರಿಡಾರಿನಲ್ಲಿ, ಮೊಳಕೆ ಬರಿಸಿದ ಕಾಳಿನ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ಅದು ಕಡವೆ ವಾಲ್, ಕಹಿ ವಾಲು. ಹಾಗೆ ಬಿಡಿಸಿದ ಕಾಳಿಗೆ ಅವರು ದಾಳಿಂಬಿ ಅನ್ನುತ್ತಾರೆ. ನಮ್ಮವಳು ನೋಡಿದವಳೇ, “ರೀ, ಇದು ನಮ್ಮ ಹಿತಕಿದ ಬೇಳೆಯ ತಂಗಿ!” ಅಂದಳು. ಕಾಕು ಅದರಿಂದ ಉಸಳ್ ಮಾಡಿದರೆ ಇವಳು ಮಸಾಲೆ ರುಬ್ಬಿ ಸಾರು ಮಾಡಿದಳು. ಸ್ವಲ್ಪ ಕಹಿ. ಮುದ್ದೆ ಜೊತೆ ಆ ಕಹಿ ಮರೆಯಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆವು. ಮುಂದೆ ಮೂವತ್ತು ಚಳಿಗಾಲ ಅದೇ ಸಾರು.

ನಾನು ನಿವೃತ್ತನಾಗಿದ್ದು 2019ರಲ್ಲಿ. ಅಂದಿನಿಂದ ಅಣ್ಣನದು ಒಂದೇ ಪ್ರಶ್ನೆ: “ಇನ್ನೂ ಅಲ್ಲೇನು ಮಾಡ್ತಿದ್ದೀಯೋ?” ಅವನಿಗೆ ಎಪ್ಪತ್ತೈದು ದಾಟಿದೆ. ಮಕ್ಕಳು ದೂರ ಇದ್ದಾರೆ. ಮನೆಯ ಹಿಂಭಾಗಕ್ಕೆ ಸುಣ್ಣ ಹೊಡೆಸಿ, ಇಂಗ್ಲಿಷ್ ಕಮೋಡು ಹಾಕಿಸಿ, ನಮಗಾಗಿ ಖಾಲಿ ಇಟ್ಟಿದ್ದಾನೆ. ಬಾಡಿಗೆಗೆ ಕೇಳಿದವರಿಗೆ ಕೊಡಲಿಲ್ಲ.

ಕಳೆದ ಚಳಿಗಾಲ ನೋಡಿಕೊಂಡು ಬರೋಣವೆಂದು ಹೋದೆವು. ಅತ್ತಿಗೆ ಸೊಗಡವರೆಯನ್ನು ತಾವೇ ಹಿತಕಿ ಸಾರು ಮಾಡಿದ್ದರು, ಬಿಸಿ ಮುದ್ದೆಯ ನಡುವೆ ತುಪ್ಪ. ಅಣ್ಣ ಉಣ್ಣದೆ ನನ್ನ ಮುಖವನ್ನೇ ನೋಡುತ್ತಿದ್ದ. ಚೆನ್ನಾಗಿದೆ ಅಂದೆ; ಚೆನ್ನಾಗಿಯೇ ಇತ್ತು. ರಾತ್ರಿ ನಮ್ಮವಳು ಮೆಲ್ಲಗೆ, “ಏನೋ ಕಡಿಮೆ ಅನ್ನಿಸ್ಲಿಲ್ವಾ?” ಅಂದಳು. ಅನ್ನಿಸಿತ್ತು. ಕಹಿ ಇರಲಿಲ್ಲ. ಇಬ್ಬರೂ ಬಾಯಿ ಮುಚ್ಚಿ ನಕ್ಕೆವು. ಪಕ್ಕದ ಕೋಣೆಯಲ್ಲಿ ಅಣ್ಣ ಕೆಮ್ಮುತ್ತಿದ್ದುದು ಕೇಳಿ ನಗು ನಿಂತಿತು.

ಡೊಂಬಿವಲಿಯ ಫ್ಲ್ಯಾಟು ಮಾರುವ ಮಾತನ್ನು ಈ ವರ್ಷದ ಮಟ್ಟಿಗೆ ಬಿಟ್ಟಿದ್ದೇವೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಭಾನುವಾರ ಬೆಳಿಗ್ಗೆ ಅವನ ಫೋನು ಬರುತ್ತದೆ. ಈಚೆಗೆ ಮಾತು ಮುಗಿದ ಮೇಲೆಯೇ ಮಾಟುಂಗಕ್ಕೆ ಹೊರಡುತ್ತೇವೆ, ಹನ್ನೊಂದರ ನಂತರ, ಲೋಕಲ್ಲಿನಲ್ಲಿ ಇವಳಿಗೆ ಸೀಟು ಸಿಗುವ ಹೊತ್ತಿಗೆ.