ಏರಿಲ್ಲದ ಬೆಟ್ಟ

ಶಿರಸಿಯಿಂದ ಬನವಾಸಿಯ ಬಸ್ಸಿನಲ್ಲಿ ಕುಳಿತವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: ‘ಬೆಳಗಿಂದ ಬೆಟ್ಟದಲ್ಲೇ ಇದ್ದೆ.’ ನೀವು ಬಯಲುಸೀಮೆಯವರಾದರೆ ಕಿಟಕಿಯಾಚೆ ಇಣುಕಿ ನೋಡುತ್ತೀರಿ. ಬೆಟ್ಟವೆಲ್ಲಿ? ತಗ್ಗಿನಲ್ಲಿ ಅಡಿಕೆ ತೋಟ, ಅದರ ಮೇಲುಗಡೆ ಕೊಂಬೆ ಸವರಿದ ಮರಗಳ ಕಾಡು, ಅಷ್ಟೆ. ಆ ಕಾಡೇ ಬೆಟ್ಟ.

ಇಲ್ಲಿ ಬೆಟ್ಟವೆಂದರೆ ಎತ್ತರದ ಲೆಕ್ಕವಲ್ಲ, ಸೊಪ್ಪಿನ ಲೆಕ್ಕ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು ಕೊಡುವ ಕಾಡು ಏರಿನಲ್ಲಿರಲಿ, ಸಮತಟ್ಟಿನಲ್ಲಿರಲಿ, ಬೆಟ್ಟವೇ. ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ೯ ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ನೆಲ ಸರ್ಕಾರದ್ದು, ಸೊಪ್ಪು ತೋಟದವರದು. ದನ ಮೇಯುವ ಹುಲ್ಲುಬಯಲು ‘ಬ್ಯಾಣ’, ಕಾಡು ಸವೆದು ಕುರುಚಲು ಎದ್ದ ಜಾಗ ‘ಹಕ್ಕಲು’. ಹೆಸರು ಕೇಳಿದರೆ ಸಾಕು, ಅಲ್ಲಿಗೆ ಕತ್ತಿ ಒಯ್ಯಬೇಕೋ ದನ ಹೊಡೆಯಬೇಕೋ ತಿಳಿಯುತ್ತದೆ. ಹಾಗೆಂದು ಎಲ್ಲ ಬೆಟ್ಟವೂ ಚೆನ್ನಾಗಿದೆಯೆಂದಲ್ಲ. ವರ್ಷ ವರ್ಷವೂ ಸವರಿಸಿಕೊಂಡು ಬೋಳು ಕಂಬವಾದ ಮತ್ತಿ, ಹೊನ್ನೆಗಳು ದಾರಿಯಲ್ಲೇ ಕಾಣುತ್ತವೆ.

ಬನವಾಸಿ ಬಿಟ್ಟು ಸೊರಬದ ಕಡೆ ಹೊರಳಿದರೆ ಇನ್ನೊಂದು ಮಾತು ಸಿಗುತ್ತದೆ: ಕಾನು. ನಿಘಂಟು ತೆರೆದರೆ ಕಾನು, ಕಾಡು, ಅಡವಿ ಎಲ್ಲವೂ ಒಂದೇ. ಇಲ್ಲಿಯವರ ಬಾಯಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವುದು ಕಾಡು. ಸದಾ ಹಸಿರಾಗಿ, ನೆಲಕ್ಕೆ ಬಿಸಿಲು ಬಿಡದೆ, ತೇವ ಹಿಡಿದಿಟ್ಟುಕೊಳ್ಳುವುದು ಕಾನು. ಬೈನೆ, ಉಪ್ಪಾಗೆ, ಹಲಸು, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಎಷ್ಟೋ ಕಡೆ ಒಳಗೊಂದು ದೇವರ ಬನ. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕೊಂದರಲ್ಲೇ ೧೭೧ ಕಾನುಗಳನ್ನು ಲೆಕ್ಕ ಹಾಕಿದ್ದರು. ೩೨ ಸಾವಿರ ಎಕರೆಗೂ ಮಿಕ್ಕಿ. ಕಡತದ ಭಾಷೆ ಬಂದಮೇಲೆ ಉಪ್ಪಾಗೆ, ಜೇನು, ಸೀಗೆ ಎಲ್ಲ ಸೇರಿ ‘ಕಿರು ಅರಣ್ಯ ಉತ್ಪನ್ನ’ವಾದವು. ದಿಮ್ಮಿ ಮಾತ್ರ ಹಿರಿದು. ಕಿರಿದು ಯಾರಿಗೆ? ಆರಿಸಿ ತಂದು ಮಳೆಗಾಲದ ಖರ್ಚು ತೂಗಿಸುವವರಿಗಂತೂ ಅಲ್ಲ.

ಆನವಟ್ಟಿ ಹಾದು ಹಾನಗಲ್ಲಿಗೆ ಬಂದರೆ ಮಳೆ ಕಡಿಮೆ, ಬಯಲು ಹೆಚ್ಚು. ದನ ಮೇಯಿಸಿ, ಕಟ್ಟಿಗೆ ಆರಿಸಿ ಬಡವರು ದಿನ ದೂಡುತ್ತಿದ್ದ ಇಲ್ಲಿಯ ನೆಲಕ್ಕೆ ದಾಖಲೆಯಲ್ಲಿ ‘ಸಿ ಮತ್ತು ಡಿ ವರ್ಗ’ ಎಂದು ಹೆಸರು. ಕಚೇರಿಯ ಮಾತಿನಲ್ಲಿ ಪಾಳು. ಪಾಳು ಎಂದಮೇಲೆ ಯಾರಿಗಾದರೂ ಕೊಡಬಹುದಲ್ಲ! ೧೯೮೪ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಹಲವು ಜಿಲ್ಲೆಗಳ ಇಂಥ ೩೦ ಸಾವಿರ ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸುವ ಯೋಜನೆ. ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು ಹಣ್ಣಿನ, ಮೇವಿನ ಗಿಡ ನೆಟ್ಟರು. ಸತ್ಯಾಗ್ರಹದ ಹೆಸರು ‘ಕಿತ್ತಿಕೊ ಹಚ್ಚಿಕೊ’. ಧಾರವಾಡದ ಕಡೆ ಹಚ್ಚುವುದೆಂದರೆ ನೆಡುವುದು. ಬೆಂಗಳೂರಿನವರಿಗೆ ದೀಪ ನೆನಪಾದರೆ ತಪ್ಪೇನಿಲ್ಲ. ೧೯೯೧ರಲ್ಲಿ ಕಂಪನಿ ಮುಚ್ಚಿತು.

ಈಗ ಮಲೆನಾಡಿನ ರಸ್ತೆಗಳ ಬದಿಗೆ ಅಕೇಶಿಯಾ ಸಾಲುಗಟ್ಟಿದೆ. ಉಪಗ್ರಹ ನೋಡಿ ಬರೆಯುವ ಸರ್ಕಾರಿ ಸಮೀಕ್ಷೆಗೆ ಅದೂ ‘ಅರಣ್ಯ ಹೊದಿಕೆ’ಯೇ. ಊರಿನವರು ಮಾತ್ರ ‘ಪ್ಲಾಂಟೇಶನ್’ ಎನ್ನುತ್ತಾರೆ. ಅದನ್ನು ಕಾನು ಎಂದವರನ್ನು ನಾನಿನ್ನೂ ಕಂಡಿಲ್ಲ.